ಆರ್ದ್ರೆಯಲ್ಲಿ ಅಪ್ಪ ಕೇಳಿದ ಪ್ರಶ್ನೆ

2022ರ ಜೂನ್ ತಿಂಗಳ ಕೊನೆಯ ವಾರ. ಶಿರಸಿ ಸೀಮೆಯ ನಮ್ಮ ಊರಿನಲ್ಲಿ ಆರ್ದ್ರಾ ಮಳೆ ಹಿಡಿದಿತ್ತು. ಬೆಂಗಳೂರಿನಲ್ಲಿದ್ದ ನನಗೆ ಫೋನಿನಲ್ಲಿ ಅಪ್ಪನ ದನಿಗಿಂತ ಮೊದಲು ಹಂಚಿನ ಮೇಲೆ ನೀರು ಸುರಿಯುವ ಸದ್ದು ಕೇಳಿಸಿತು.

“ತಮಾ, ಆ ದೊಡ್ಡ ನೆರೆ ಬಂದ ವರ್ಷ ಎರಡನೇ ಮದ್ದು ಹೊಡೆದದ್ದು ಯಾವ ಮಳೆಯಲ್ಲಿ? ನಿನಗೇನಾದರೂ ನೆನಪಿದೆಯೇ?”

ನೆರೆ ಬಂದ ವರ್ಷವೆಂದರೆ 2019. ಆ ಆಗಸ್ಟಿನಲ್ಲಿ ಆಶ್ಲೇಷಾ ಮಳೆ ಹಗಲು ರಾತ್ರಿ ಎನ್ನದೆ ಸುರಿದು, ನೆರೆಹೊರೆಯ ತೋಟಗಳಲ್ಲಿ ಎಳೆ ಅಡಿಕೆ ಕೊಳೆರೋಗಕ್ಕೆ ಉದುರಿ ಬುಡದಲ್ಲಿ ಹಾಸಿಕೊಂಡಿತ್ತು. ನಮ್ಮ ಕೆಳಗಿನ ತೋಟ ಮಾತ್ರ ಮುಕ್ಕಾಲು ಪಾಲು ಉಳಿಯಿತು. ಹೇಗೆ ಉಳಿಯಿತು ಎಂಬುದು ಅಪ್ಪನಿಗೆ ಗೊತ್ತಿತ್ತು. ಆದರೆ ಹಾಗೆ ಗೊತ್ತಿದ್ದದ್ದು ಈಗ ನೆನಪಿನಲ್ಲಿರಲಿಲ್ಲ, ಅಟ್ಟದ ಮೇಲಿತ್ತು.

ಅಪ್ಪ ಡೈರಿ ಬರೆದವನಲ್ಲ. ಅವನ ಬರವಣಿಗೆಯೆಲ್ಲ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ. ಹಾಲಿನ ಲೆಕ್ಕ, ಆಳಿನ ಲೆಕ್ಕ, ಹಸು ಕರು ಹಾಕಿದ ದಿನ, ಮದ್ದು ಹೊಡೆದ ದಿನ, ಅಡಿಕೆಯ ಕೊನೆಕೊಯ್ಲು ಶುರುವಾದ ದಿನ ಎಲ್ಲವೂ ಅಲ್ಲಿಯೇ. ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಸುರುಳಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದ. ಹೀಗೆ ಇಪ್ಪತ್ತೆಂಟು ಸುರುಳಿಗಳು ಒಲೆಯ ಹೊಗೆ ಹಿಡಿದು ಕಂದಿ ಹೋಗಿ ಅಲ್ಲಿದ್ದವು. ಆ ಸಮಯಕ್ಕೆ ಅಪ್ಪನ ಎರಡೂ ಕಣ್ಣುಗಳಿಗೆ ಪೊರೆ ಬಂದು ತನ್ನ ಅಕ್ಷರವೇ ತನಗೆ ಓದಲಾಗುತ್ತಿರಲಿಲ್ಲ. ನನ್ನ ತಾಯಿ, ಆಯಿ, ಬ್ಯಾಟರಿ ಹಿಡಿದು ಅಟ್ಟ ಹತ್ತಿ, ಅರ್ಧ ಗಂಟೆ ಹುಡುಕಿ, 2019ರ ಸುರುಳಿ ಬಿಚ್ಚಿ ಆಗಸ್ಟ್ 1ರ ಚೌಕವನ್ನು ಓದಿದಳು: “ಮ 2, ಕೆ.ತೋ., 7 ಡ್ರ., ಬಿಸಿಲು.”

“ಹಾಂ, ಪುಷ್ಯದ ಕೊನೆ” ಎಂದ ಅಪ್ಪ. “ಒಂದೇ ಒಂದು ದಿನ ಬಿಸಿಲು ಬಿದ್ದಿತ್ತು. ಕೊನೆಗೌಡನನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಉಳಿಸಿಕೊಂಡಿದ್ದೆ. ಬೆಳಗಿನ ಏಳಕ್ಕೇ ಮರ ಹತ್ತಿಸಿದೆ. ಮರುದಿನ ಹತ್ತಿಸಿದ್ದರೆ ಏನೂ ಉಳಿಯುತ್ತಿರಲಿಲ್ಲ.”

ಎರಡನೇ ಮದ್ದು, ಕೆಳಗಿನ ತೋಟ, ಏಳು ಡ್ರಮ್ಮು, ಬಿಸಿಲು ಎಂಬಷ್ಟೇ ಚೌಕದಲ್ಲಿತ್ತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ರಾತ್ರಿ ಉಳಿಸಿಕೊಂಡ ಸಂಗತಿ ಅಲ್ಲಿರಲಿಲ್ಲ. ತೋಟ ಉಳಿದದ್ದು ಆ ಸಂಗತಿಯಿಂದ. ಚೌಕವನ್ನು ಯಾರೋ ಓದಿ ಹೇಳಿದ ಮೇಲೆಯೇ ಅದು ಅಪ್ಪನ ಬಾಯಿಗೆ ಬಂತು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಪ್ಪತ್ತೆಂಟು ಸುರುಳಿಗಳನ್ನು ಫೋಟೊ ತೆಗೆದಿಟ್ಟರೆ ಆಗುವ ಕೆಲಸವಲ್ಲ ಇದು ಎಂಬುದಷ್ಟೇ ಸ್ಪಷ್ಟವಾಗಿತ್ತು.

ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಆದ್ದರಿಂದ ಕೈಗೆ ಹತ್ತಿರವಿದ್ದ ದಾರಿಯನ್ನೇ ಹಿಡಿದೆ. ಮನೆಗೊಂದು ವಿಕಿ ಮಾಡಿದೆ. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಹರಿಯಬಿಟ್ಟಾಗ ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬ ಅರ್ಥವಿರುವ ಪದವನ್ನು ಅದಕ್ಕೆ ಇಟ್ಟಿದ್ದರು. ಯಾರು ಬೇಕಾದರೂ ಪುಟ ತೆರೆಯಬಹುದು, ತಿದ್ದಬಹುದು, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಆ ವಿಚಾರ ನನಗೆ ಇಂದಿಗೂ ಪ್ರೀತಿಯದು. ತೋಟ, ಅಡಿಗೆ, ದನಕರು, ಮದ್ದು ಎಂದು ವಿಭಾಗಗಳನ್ನು ಮಾಡಿ, ಒಂದು ತಿಂಗಳು ರಾತ್ರಿ ಕುಳಿತು ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ, ನವರಾತ್ರಿಗೆ ಊರಿಗೆ ಹೋದಾಗ ಅಪ್ಪನ ಕೈಗೆ ಮೊಬೈಲ್ ಕೊಟ್ಟೆ. ಆ ಹೊತ್ತಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು, ದೊಡ್ಡ ಅಕ್ಷರ ಕಾಣುತ್ತಿತ್ತು.

ಏನೂ ಹೇಳಿಕೊಡಬಾರದು, ಕೈ ಚಾಚಬಾರದು, ಸುಮ್ಮನೆ ನೋಡಬೇಕು ಎಂದು ನಿಶ್ಚಯಿಸಿ ಜಗಲಿಯ ಮೇಲೆ ಪಕ್ಕದಲ್ಲೇ ಕುಳಿತೆ. ‘ಹೊಸ ಪುಟ’ ಎಂಬುದನ್ನು ಅಪ್ಪ ಒತ್ತಿದ. ಮೇಲ್ಗಡೆ ‘ಶೀರ್ಷಿಕೆ’ ಎಂಬ ಖಾಲಿ ಪಟ್ಟಿ ಬಂತು. ಅದನ್ನು ತುಂಬದೆ ಮುಂದೆ ಹೋಗಲು ಬಿಡದಂತೆ ನಾನೇ ಮಾಡಿದ್ದೆ. ಅಪ್ಪ ಕನ್ನಡಕ ಸರಿಮಾಡಿಕೊಂಡ. ಹೆಬ್ಬೆರಳು ಗಾಜಿನ ಮೇಲೆ ನಿಂತಿತು. ತೋಟದ ಕಡೆ ನೋಡಿದ. ಮತ್ತೆ ಮೊಬೈಲ್ ನೋಡಿದ. ಅಷ್ಟರಲ್ಲಿ ಪರದೆ ಆರಿಹೋಯಿತು. ಮತ್ತೆ ಬೆಳಗಿಸಿದ. ಹನ್ನೊಂದು ನಿಮಿಷ ಕಳೆದ ಮೇಲೆ ನನ್ನ ಮುಖ ನೋಡಿ ಕೇಳಿದ: “ಇದಕ್ಕೆ ಏನು ಹೆಸರು ಇಡಲಿ?”

ಹೇಳಬೇಕಾದ ಮಾತು ಅವನಲ್ಲಿ ಇರಲಿಲ್ಲವೆಂದಲ್ಲ. ತೋಟದ ನೀರು ಬಸಿದುಹೋಗುವ ಬಸರಿಕಾಲುವೆ ಹೂಳು ತುಂಬಿ ನೀರು ನಿಂತದ್ದಕ್ಕೂ ಆ ಸಾಲಿನ ಮರಗಳ ಸೋಗೆ ಹಳದಿಯಾದದ್ದಕ್ಕೂ ಇರುವ ಸಂಬಂಧವನ್ನು ಅಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಇಪ್ಪತ್ತು ನಿಮಿಷ ಹೇಳಿದ್ದ. ಅದು ಕಾಲುವೆಯ ವಿಷಯವೋ, ರೋಗದ ವಿಷಯವೋ, ಆ ಸಾಲಿನ ವಿಷಯವೋ? ಹೇಳುವ ಮೊದಲೇ ಹೆಸರಿಡು ಎಂದರೆ ಯಾರಿಗಾದರೂ ಬಾಯಿ ಕಟ್ಟುತ್ತದೆ. ಮಗು ಹುಟ್ಟಿದ ಹನ್ನೊಂದನೆಯ ದಿನಕ್ಕೆ ನಾವು ಹೆಸರು ಇಡುವುದು, ಅದಕ್ಕಿಂತ ಮೊದಲಲ್ಲ. ಶೀರ್ಷಿಕೆಯ ಪಟ್ಟಿಯನ್ನು ಅಂದು ಸಂಜೆಯೇ ಕಿತ್ತೆ. ವಿಭಾಗಗಳನ್ನೂ ತೆಗೆದೆ. ಒಂದು ತಿಂಗಳ ಕೆಲಸದಲ್ಲಿ ಉಳಿದದ್ದು ಬಹಳ ಕಡಿಮೆ.

ಐದು ಜನರನ್ನು ಕೂರಿಸಿ ನೋಡಿದರೆ ಸಾಕು, ಬಳಕೆಯ ತೊಡಕುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುತ್ತವೆ ಎಂದು ತಂತ್ರಾಂಶಗಳ ಬಳಕೆಯನ್ನು ಅಭ್ಯಾಸ ಮಾಡುವ ಜಾಕೋಬ್ ನೀಲ್ಸನ್ 2000ದಲ್ಲಿ ಬರೆದಿದ್ದರು. ಕಚೇರಿಯಲ್ಲಿ ಆ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮನೆಯಲ್ಲಿ ಒಬ್ಬರೇ ಸಾಕಾದರು. ಆದರೆ ಪಕ್ಕದಲ್ಲಿ ಕುಳಿತು ಹನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕು. ಆ ಕೆಲಸ ಮಾತ್ರ ಕಷ್ಟದ್ದು.

ಮುಂದಿನ ಕರಡನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದೆ. ಕಂಪ್ಯೂಟರ್ ಮುಟ್ಟಲಿಲ್ಲ. ಇಡೀ ಪರದೆಗೆ ಒಂದೇ ಗುಂಡಿ, ಅದರ ಮೇಲೆ ‘ಹೇಳು’ ಎಂಬ ಒಂದೇ ಪದ. ಒತ್ತಿ ಮಾತಾಡಿದರೆ ಆಯಿತು. ಹೆಸರು, ವಿಭಾಗ, ಗುರುತು ಏನೂ ಬೇಡ. ಅಪ್ಪ ಕಾಗದದ ಗುಂಡಿಯ ಮೇಲೆ ಬೆರಳಿಟ್ಟು, ಅದು ನಿಜವೆಂಬಂತೆ, ಕಾಲುವೆಯ ಕಥೆಯನ್ನು ಇನ್ನೊಮ್ಮೆ ಪೂರ್ತಿ ಹೇಳಿದ.

ಮಾತನ್ನು ಅಕ್ಷರಕ್ಕೆ ಇಳಿಸುವ ತಂತ್ರ ಈಗ ಕನ್ನಡಕ್ಕೂ ಇದೆ. ಪೇಟೆಯ ಮಾತನ್ನು ಅದು ಮೆಚ್ಚುವಷ್ಟು ಚೆನ್ನಾಗಿ ಬರೆಯುತ್ತದೆ. ಆದರೆ ‘ಬಸರಿಕಾಲುವೆ’ ಎಂದರೆ ಅದು ಬೇರೇನನ್ನೋ ಬರೆಯುತ್ತಿತ್ತು, ‘ಚೊಗರು’ ‘ಸೋಗೆ’ ‘ಕೊಟ್ಟೆ’ ಯಾವುದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಪದ ತಪ್ಪಿದರೆ ಚಿಂತೆಯಿಲ್ಲ, ಅಂಕೆ ತಪ್ಪಿದರೆ ತೋಟವೇ ಹೋಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯಬೇಕು. ಕೊನೆಗೆ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿಗೆ ಕೆಂಪು ಬಣ್ಣ ಕೂತರೆ ತಾಮ್ರ ಹೆಚ್ಚಾಯಿತು, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಅಪ್ಪ ಇದನ್ನು ಹೇಳಿದಾಗ ಯಂತ್ರ ‘ನೂರು’ ಎಂಬುದನ್ನು ‘ಆರು’ ಎಂದು ಬರೆದುಕೊಂಡಿತ್ತು. ಅದನ್ನು ನೋಡಿದಾಗ ಮೈ ಬೆವರಿತು. ಆ ದಿನದಿಂದ ಎರಡು ನಿಯಮಗಳನ್ನು ನಾನು ಮುರಿದಿಲ್ಲ. ಹೇಳಿದವರ ದನಿಯೇ ಮೂಲ, ಅಕ್ಷರವು ಹುಡುಕಲು ನೆರವಾಗುವ ನೆರಳು ಮಾತ್ರ, ಆದ್ದರಿಂದ ದನಿಯನ್ನು ಎಂದಿಗೂ ಅಳಿಸುವುದಿಲ್ಲ. ಇನ್ನು ಮಾತಿನಲ್ಲಿ ಬಂದ ಅಂಕೆಗಳನ್ನೆಲ್ಲ ಪರದೆಯ ತುಂಬ ದೊಡ್ಡದಾಗಿ ಒಂದೊಂದಾಗಿ ತೋರಿಸಿ, ‘ಹೌದು’ ಎಂದು ಹೇಳಿದವರೇ ಒಪ್ಪಿದ ಮೇಲಷ್ಟೇ ಅದು ಬೇರೆಯವರ ಕಣ್ಣಿಗೆ ಬೀಳುತ್ತದೆ.

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಹಿತ್ತಿಲಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಆದ್ದರಿಂದ ಹೇಳಿದ್ದೆಲ್ಲ ಮೊದಲು ಮೊಬೈಲಿನಲ್ಲೇ ಉಳಿಯಬೇಕು, ಸಿಗ್ನಲ್ ಸಿಕ್ಕಾಗ ತಾನಾಗಿಯೇ ಮೇಲೆ ಹೋಗಬೇಕು. ಓಪಸ್ ಎಂಬ ಸಂಕೋಚನ ವಿಧಾನದಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ನಂತೆ ಇಟ್ಟರೆ ಒಂದು ನಿಮಿಷದ ಮಾತು ಸುಮಾರು 180 ಕಿಲೋಬೈಟ್ ಆಗುತ್ತದೆ. ಅಪ್ಪ ಎಮ್ಮೆಗೆ ನೀರು ಕುಡಿಸಿ ಬರುವಷ್ಟರಲ್ಲಿ ಅದು ಹೋಗಿ ಮುಟ್ಟಿರುತ್ತದೆ. ಈ ಭಾಗದಲ್ಲಿ ಹೆಚ್ಚು ಕಷ್ಟಪಡಲಿಲ್ಲ, ದಾರಿ ಮೊದಲೇ ಗೊತ್ತಿತ್ತು.

ಹುಡುಕುವ ಕೆಲಸದಲ್ಲಿ ಎರಡು ವರ್ಷ ಒದ್ದಾಡಿದ್ದೇನೆ.

ಮೊದಲು ಅಕ್ಷರದ ತೊಡಕು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಗೊತ್ತುಮಾಡಿಕೊಟ್ಟಿರುವ ಯೂನಿಕೋಡ್‌ನಲ್ಲಿ ‘ತೋಟ’ ಎಂಬ ಪದದ ‘ತೋ’ವನ್ನು ಎರಡು ರೀತಿಯಲ್ಲಿ ಬರೆದಿಡಬಹುದು. ತಕಾರದ ಮುಂದೆ ಓತ್ವಕ್ಕೆ ಇರುವ ಒಂದೇ ಸಂಕೇತವನ್ನು ಇಡಬಹುದು. ಇಲ್ಲವೇ ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳನ್ನು ಸಾಲಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ ಪದಗಳು. ಇದರ ಜೊತೆಗೆ ಅಕ್ಷರಗಳನ್ನು ಬಿಡಿಸಿ ತೋರಿಸಲು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಹೀಗಾಗಿ ಮನೆಯಲ್ಲೇ ಇರುವ ಮಾತನ್ನು ಹುಡುಕಿದರೆ ‘ಏನೂ ಸಿಗಲಿಲ್ಲ’ ಎಂಬ ಉತ್ತರ. ಎಲ್ಲ ಬರಹವನ್ನೂ ಒಂದೇ ರೂಪಕ್ಕೆ ತಂದು, ಕಾಣದ ಸಂಕೇತಗಳನ್ನು ಬದಿಗಿಟ್ಟು ಹೋಲಿಸುವಂತೆ ಮಾಡಿದ ಮೇಲೆ ಅದು ತಿಳಿಯಾಯಿತು. ಭಾವ 2004ರಲ್ಲಿ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದ ನಲವತ್ತು ಪುಟಗಳ ಕಡತವೂ ಇತ್ತು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಗೀಚು. ಅದನ್ನು ಯೂನಿಕೋಡ್‌ಗೆ ತಿರುಗಿಸಿ ಭಾವನ ಮುಂದಿಟ್ಟಾಗ, ಹದಿನೆಂಟು ವರ್ಷದ ಹಿಂದೆ ತೀರಿಹೋದ ಅವನ ತಾಯಿ ಹೇಳಿ ಬರೆಸಿದ ತಂಬುಳಿಗಳ ಪುಟದಲ್ಲಿ ಅವನು ತುಂಬಾ ಹೊತ್ತು ನಿಂತ. ಒಂದೆಲಗ, ಕನ್ನೆಕುಡಿ, ಮುರುಗಲು ಎಂದು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದ.

ಅಕ್ಷರದ ತೊಡಕಿಗಿಂತ ದೊಡ್ಡದು ಭಾಷೆಯ ಸ್ವಭಾವ. ಕೊಳೆರೋಗ ಎಂದು ಹುಡುಕಿದರೆ ಕೊಳೆರೋಗಕ್ಕೆ, ಕೊಳೆರೋಗದಿಂದ, ಕೊಳೆರೋಗವೇ ಎಲ್ಲವೂ ಸಿಗಬೇಕು. ವಿಭಕ್ತಿಯ ಬಾಲವನ್ನು ಕತ್ತರಿಸಿ ಹೋಲಿಸುವ ಪುಟ್ಟ ನಿಯಮಾವಳಿಯನ್ನು ಬರೆದೆ. ಬರೆದ ಮೇಲೂ ಒಂದು ದಿನ ಅತ್ತಿಗೆ ಹುಡುಕಿದಾಗ ಏನೂ ಸಿಗಲಿಲ್ಲ. ಅವರು ಪುತ್ತೂರಿನ ಕಡೆಯವರು. ಕೊಳೆರೋಗಕ್ಕೆ ಅವರ ಸೀಮೆಯಲ್ಲಿ ‘ಮಹಾಳಿ’ ಎನ್ನುತ್ತಾರೆ. ಯಾವ ನಿಯಮಾವಳಿಯೂ ಇದನ್ನು ಊಹಿಸಲಾರದು. ಏನೂ ಸಿಗದೆ ಹೋದ ಹುಡುಕಾಟಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಡತೊಡಗಿದ್ದು ಆಗಲೇ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಆಯಿಗೆ ಆ ಪಟ್ಟಿಯನ್ನು ಓದಿ ಹೇಳುತ್ತೇನೆ. “ಅದನ್ನೇ ಇವರು ಹೀಗೆ ಹೇಳುವುದು” ಎಂದು ಅವಳು ಜೋಡಿಸಿಕೊಡುತ್ತಾಳೆ. ಈಗ ಆ ಜೋಡಿಪದಗಳು ನಾನೂರಕ್ಕೂ ಹೆಚ್ಚು ಆಗಿವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹೆಮ್ಮೆಯ ಭಾಗ ಯಾವುದೆಂದು ಕೇಳಿದರೆ ಆಯಿಯ ಈ ಪಟ್ಟಿಯನ್ನೇ ತೋರಿಸುತ್ತೇನೆ.

ಕಾಲದ ಹುಡುಕಾಟವೂ ಹೀಗೆಯೇ. ನಾನು ತಿಂಗಳು, ತಾರೀಕು ಕೊಟ್ಟಿದ್ದೆ. ಅಪ್ಪನ ನೆನಪು ಓಡುವುದು ಮಳೆನಕ್ಷತ್ರದ ಮೇಲೆ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಸೂರ್ಯ ಆ ನಕ್ಷತ್ರವನ್ನು ಸೇರುವ ದಿನದಿಂದ ಎಣಿಕೆ. ಹಾಗಾಗಿ ಇಂಗ್ಲಿಷ್ ತಾರೀಕಿನೊಡನೆ ಹೊಂದಿಸುವುದು ಸುಲಭ. ಜೂನ್ 22ರ ಆಸುಪಾಸಿಗೆ ಆರ್ದ್ರೆ, ಜುಲೈ 20ರ ಹೊತ್ತಿಗೆ ಪುಷ್ಯ. ಈಗ ನಮ್ಮ ಪುಟ ತೆರೆದರೆ ಮೊದಲು ಕಾಣುವುದು ಇಂದಿನ ಮಳೆಯ ಹೆಸರು. ಅದರ ಕೆಳಗೆ ಹಿಂದಿನ ವರ್ಷಗಳಲ್ಲಿ ಇದೇ ಮಳೆಯಲ್ಲಿ ಮನೆಯವರು ಏನು ಮಾಡಿದ್ದರು, ಏನು ಹೇಳಿದ್ದರು ಎಂಬುದು ಬರುತ್ತದೆ. ಇಪ್ಪತ್ತೆಂಟು ಕ್ಯಾಲೆಂಡರುಗಳ ಚೌಕಗಳನ್ನೂ ಹೀಗೆಯೇ ಜೋಡಿಸಿದ್ದೇವೆ. ದಿನಕ್ಕೆ ಒಂದೆರಡು ಚೌಕ ತೋರಿಸಿ, ಅಪ್ಪನಿಂದ ಅದರ ಹಿಂದಿನ ಮಾತನ್ನು ಹೇಳಿಸುತ್ತದೆ. ಅಟ್ಟದ ಸುರುಳಿ ಓದಿದಾಗ ಕೊನೆಗೌಡನ ಸಂಗತಿ ಹೊರಬಂದ ಹಾಗೆ. ಮನೆಯವರು ಇದನ್ನು ‘ಅಟ್ಟ’ ಎಂದೇ ಕರೆಯುತ್ತಾರೆ.

ಸ್ವಂತ ತಿಳಿವಳಿಕೆಯನ್ನು ಜೋಡಿಸಿಡುವ ಯಂತ್ರದ ಕನಸು ಹಳೆಯದು. 1945ರಲ್ಲಿ ವ್ಯಾನೆವರ್ ಬುಷ್ ಎಂಬ ಅಮೆರಿಕದ ಎಂಜಿನಿಯರ್ ‘ಮೆಮೆಕ್ಸ್’ ಎಂಬ ಮೇಜನ್ನು ಕಲ್ಪಿಸಿದರು. ಓದಿದ್ದನ್ನೆಲ್ಲ ಮೈಕ್ರೋಫಿಲ್ಮಿನಲ್ಲಿಟ್ಟು ಒಂದರಿಂದ ಇನ್ನೊಂದಕ್ಕೆ ಜಾಡು ಹಾಕುವ ಮೇಜು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಬರೆದು, ಅಂಕೆ ಕೊಟ್ಟು, ಮರದ ಪೆಟ್ಟಿಗೆಗಳಲ್ಲಿ ಪೋಣಿಸಿಟ್ಟಿದ್ದರು. ಇವತ್ತಿನ ಟಿಪ್ಪಣಿ ತಂತ್ರಾಂಶಗಳಲ್ಲಿ ಹೆಚ್ಚಿನವು ಇವರಿಬ್ಬರ ಮೊಮ್ಮಕ್ಕಳು. ಇವರ ಮೇಲೆ ನನಗೆ ಗೌರವವಿದೆ. ಆದರೆ ಇಬ್ಬರೂ ಕಲ್ಪಿಸಿದ್ದು ಕೋಣೆಯಲ್ಲಿ ಒಬ್ಬನೇ ಕುಳಿತು ಓದಿ ಬರೆಯುವ ಮನುಷ್ಯನನ್ನು. ನಮ್ಮ ಮನೆಗಳಲ್ಲಿ ತಿಳಿವಳಿಕೆ ಇಬ್ಬರ ನಡುವೆ, ಅದೂ ಕೈಯಲ್ಲಿ ಕೆಲಸವಿರುವಾಗ ಹುಟ್ಟುತ್ತದೆ. ಅಡಿಕೆ ಸುಲಿಯುವಾಗ, ಹಪ್ಪಳ ಲಟ್ಟಿಸುವಾಗ, ದೊಣ್ಣೆ ಹಿಡಿದು ದನ ಅಟ್ಟುವಾಗ. ಅದಕ್ಕೇ ‘ಹೇಳಿದವರು’ ಮತ್ತು ‘ಕೇಳಿದವರು’ ಎಂಬ ಎರಡು ಹೆಸರುಗಳು ಅಟ್ಟದ ಪ್ರತಿ ಮಾತಿನ ಜೊತೆಗೂ ಇರುತ್ತವೆ.

ಆಯಿಯ ಅಡಿಗೆಯಲ್ಲಿ ಇನ್ನೊಂದು ಪಾಠವಾಯಿತು. ಅಪ್ಪೆಮಿಡಿಯ ಉಪ್ಪಿನಕಾಯಿ ಬರೆದಿಡಲು ನಾನು ಪದಾರ್ಥ, ಅಳತೆ, ಗ್ರಾಂ ಎಂದು ಪಟ್ಟಿ ಮಾಡಿ ಕೊಟ್ಟಿದ್ದೆ. “ಮಿಡಿಗೆ ಉಪ್ಪು ಎಷ್ಟು ಗ್ರಾಂ?” ಎಂದು ಕೇಳಿದರೆ ಆಯಿ, “ಅದು ಮಿಡಿಯನ್ನು ಕೇಳಬೇಕು” ಎಂದಳು. ಸೊನೆ ಹೆಚ್ಚಿರುವ ಮಿಡಿಗೆ ಒಂದು ಹದ, ಜೀರಿಗೆ ಪರಿಮಳದ ಅಪ್ಪೆಗೆ ಇನ್ನೊಂದು. ಅವಳ ಅಳತೆ ಸಿದ್ದೆಯಲ್ಲಿ, ಮುಷ್ಟಿಯಲ್ಲಿ, ಮಿಡಿ ಮುರುಟಿದ ಬಗೆಯಲ್ಲಿ. ಕೊನೆಗೆ ಪಟ್ಟಿಯನ್ನು ತೆಗೆದು, ಅವಳ ಸಿದ್ದೆಯ ಪಾತ್ರೆಯನ್ನೇ ಫೋಟೊ ತೆಗೆದು, ಅದರಲ್ಲಿ ಎಷ್ಟು ಉಪ್ಪು ಹಿಡಿಯುತ್ತದೆ ಎಂದು ಒಮ್ಮೆ ತೂಗಿ ಪಕ್ಕದಲ್ಲಿ ಬರೆದೆ. ಬೆಂಗಳೂರಿನಲ್ಲಿರುವ ತಂಗಿಗೆ ತೂಕ ಬೇಕು, ಆಯಿಗೆ ಸಿದ್ದೆ ಬೇಕು. ಇಬ್ಬರಿಗೂ ಅವರವರದು ಸಿಗುತ್ತದೆ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಬೇಕು.

ಹಂಚಿಕೊಳ್ಳುವುದು ಒಳ್ಳೆಯದು ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಕಾಲೇಜು ದಿನಗಳಲ್ಲಿ ಲೇಖನ ಬರೆದಿದ್ದೆ. ಅಚ್ಚಾದ ಆಧಾರವಿಲ್ಲದ ಮಾತಿಗೆ ಅಲ್ಲಿ ಜಾಗವಿಲ್ಲ. ವಿಶ್ವಕೋಶಕ್ಕೆ ಅದು ಸರಿಯಾದ ನಿಯಮವೇ. ಆದರೆ ಅಪ್ಪ ಆಯಿಯರ ಮಾತುಗಳಿಗೂ ಬಯಲಿನಲ್ಲಿ ಒಂದು ಜಾಗ ಬೇಕು ಎಂಬ ಹಂಬಲ ನನ್ನಲ್ಲಿ ಉಳಿದಿತ್ತು. ಆದ್ದರಿಂದ ಅಟ್ಟದಲ್ಲಿ ಹೇಳಿದ್ದೆಲ್ಲ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಬೇಡವೆಂದವರು ಮುಚ್ಚಿಕೊಳ್ಳಬಹುದಿತ್ತು. 2024ರ ಮಾರ್ಚಿನಲ್ಲಿ ಆಯಿ ಹಳ್ಳದ ದಂಡೆಯ ತನ್ನ ಪ್ರೀತಿಯ ಅಪ್ಪೆಮರದ ಫೋಟೊ ತೆಗೆದು, ಅದರ ಮಿಡಿ ಎಷ್ಟು ವರ್ಷ ಕೆಡದೆ ಇರುತ್ತದೆ ಎಂದು ಸಂಭ್ರಮದಿಂದ ಹೇಳಿದಳು. ಮೊಬೈಲಿನಲ್ಲಿ ತೆಗೆದ ಫೋಟೊದ ಒಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಳಿಸಿರಲಿಲ್ಲ.

ಹತ್ತು ದಿನಗಳ ನಂತರ ಆಯಿ ಹೋಗಿ ನೋಡಿದಾಗ ಮರದ ಮೂರು ದೊಡ್ಡ ಹರೆಗಳು ನೆಲದಲ್ಲಿದ್ದವು. ಮಿಡಿ ಕೊಯ್ಯಲು ಮರ ಹತ್ತುವ ಬದಲು ಹರೆಯನ್ನೇ ಕಡಿದು ಕೆಡವಿದ್ದರು. ಯಾರು ಎಂದು ತಿಳಿಯಲಿಲ್ಲ. ಆ ಫೋಟೊದಿಂದಲೇ ಬಂದರೋ ಇಲ್ಲವೋ ಹೇಳಲು ಸಾಧ್ಯವಿಲ್ಲ. ಆದರೆ ನಾನು ಮರದ ಬುಡದವರೆಗೆ ದಾರಿ ಬರೆದು ಬೀದಿಯಲ್ಲಿ ಇಟ್ಟಿದ್ದೆ ಎಂಬುದು ನಿಜ. ಆಯಿ ಬೈಯಲಿಲ್ಲ. “ಮರದ ಹೆಸರು ಹೇಳಬಹುದು, ದಾರಿ ಹೇಳಬಾರದು. ನನ್ನ ಅತ್ತೆ ನನಗೂ ದಾರಿ ತೋರಿಸಿದ್ದು ಮದುವೆಯಾಗಿ ಐದು ವರ್ಷ ಆದ ಮೇಲೆ” ಎಂದಷ್ಟೇ ಹೇಳಿದಳು.

ಆ ವಾರವೇ ಎಲ್ಲವನ್ನೂ ಮುಚ್ಚಿದೆ. ಹಂಚುವ ವ್ಯವಸ್ಥೆಯನ್ನು ಬುಡದಿಂದ ಮತ್ತೆ ಕಟ್ಟಿದೆ. ಈಗ ಹೇಳಿದ್ದು ಮೊದಲು ಹೇಳಿದವರಿಗೆ ಮಾತ್ರ ಕಾಣುತ್ತದೆ. ಆಮೇಲೆ ಅವರೇ ಮನೆ, ನೆಂಟರು, ಊರು, ಎಲ್ಲರು ಎಂಬ ನಾಲ್ಕು ಸುತ್ತುಗಳಲ್ಲಿ ಒಂದನ್ನು ಆರಿಸುತ್ತಾರೆ. ಒಂದು ಸುತ್ತಿನಿಂದ ಹೊರಗಿನದಕ್ಕೆ ಹೋಗುವ ಮೊದಲು, ‘ಇದು ಯಾರ್ಯಾರಿಗೆ ಕಾಣುತ್ತದೆ’ ಎಂದು ಹೆಸರು ಹಿಡಿದು ತೋರಿಸುತ್ತದೆ. ಫೋಟೊದ ಜಾಗದ ಗುರುತನ್ನು ಮೊಬೈಲಿನಿಂದ ಹೊರಡುವ ಮೊದಲೇ ಅಳಿಸುತ್ತದೆ. ಅಪ್ಪ ತನ್ನ ಮದ್ದಿನ ಮಾತುಗಳಲ್ಲಿ ಹೆಚ್ಚಿನವನ್ನು ‘ಎಲ್ಲರು’ ಎಂಬ ಸುತ್ತಿಗೇ ಕೊಟ್ಟಿದ್ದಾನೆ. ಕೊಳೆರೋಗ ಒಬ್ಬನ ಬೇಲಿಯೊಳಗೆ ನಿಲ್ಲುವಂಥದ್ದಲ್ಲ, ಪಕ್ಕದ ತೋಟ ಚೆನ್ನಾಗಿದ್ದರೆ ತನ್ನದೂ ಉಳಿಯುತ್ತದೆ ಎಂಬುದು ಅವನ ಲೆಕ್ಕ.

ಅದೇ ಮದ್ದಿನ ವಿಷಯದಲ್ಲಿ ಸಾಗರದ ಕಡೆಯ ನೆಂಟರೊಬ್ಬರು ಅಪ್ಪನಿಗೆ ಎದುರು ಮಾತು ಹೇಳಿದರು. ಮೊದಲ ಮದ್ದನ್ನು ಮಳೆ ಹಿಡಿಯುವ ಮೊದಲೇ ಹೊಡೆದು ಮುಗಿಸಬೇಕು ಎಂದು ಅವರು, ಒಂದೆರಡು ಮಳೆ ಬಿದ್ದು ಕಾಯಿ ತೊಳೆದ ಮೇಲೆ ಎಂದು ಅಪ್ಪ. ವಿಕಿಯಾಗಿದ್ದರೆ ಇಬ್ಬರ ಮಾತನ್ನೂ ಅರೆದು ಒಂದೇ ಪುಟ ಮಾಡಬೇಕಿತ್ತು. ನಾವು ಎರಡನ್ನೂ ಅವರವರ ದನಿಯಲ್ಲಿ, ಊರಿನ ಹೆಸರಿನೊಂದಿಗೆ, ಅಕ್ಕಪಕ್ಕ ಇಟ್ಟಿದ್ದೇವೆ. ಕೇಳುವವರು ತಮ್ಮ ಗದ್ದೆ ಬಯಲಿಗೆ, ತಮ್ಮ ಮಳೆಗೆ ಯಾವುದು ಹೊಂದುತ್ತದೆ ಎಂದು ನೋಡಿಕೊಳ್ಳುತ್ತಾರೆ.

ಇದಕ್ಕೂ ಮೊದಲು ನನ್ನ ಹತ್ತು ವರ್ಷದ ಟಿಪ್ಪಣಿಗಳು ಹೊರದೇಶದ ಒಂದು ಸೇವೆಯಲ್ಲಿದ್ದವು. ಅದು ಮೂರು ತಿಂಗಳ ನೋಟಿಸು ಕೊಟ್ಟು ಬಾಗಿಲು ಹಾಕಿತು. ಕೊಂಡುಹೋಗಿ ಎಂದು ಕೊಟ್ಟ ಕಡತವನ್ನು ತೆರೆಯಲು ಅದೇ ಸೇವೆ ಬೇಕಿತ್ತು. ಆ ನೋವು ನೆನಪಿದ್ದುದರಿಂದ ಅಟ್ಟದಲ್ಲಿ ‘ಎಲ್ಲ ತೆಗೆದುಕೊ’ ಎಂಬ ಗುಂಡಿಯನ್ನು ‘ಹೇಳು’ ಗುಂಡಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಒತ್ತಿದರೆ ಸಾದಾ ಅಕ್ಷರದ ಕಡತಗಳು, ದನಿಯ ಕಡತಗಳು, ಒಂದು ಪರಿವಿಡಿ ಸಿಗುತ್ತವೆ. ಯಾವ ಕಂಪ್ಯೂಟರಿನಲ್ಲಾದರೂ, ನಾನಿಲ್ಲದಿದ್ದರೂ, ಇಂಟರ್‌ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಪ್ರತಿ ದೀಪಾವಳಿಗೆ ಭಾವ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ, ನನ್ನ ಸಹಾಯವಿಲ್ಲದೆ, ಅದನ್ನು ತೆರೆದು ಯಾವುದಾದರೂ ಹತ್ತು ಮಾತುಗಳನ್ನು ಹುಡುಕಿ ಕೇಳುತ್ತಾನೆ. ಕಳೆದ ವರ್ಷ ಒಂಬತ್ತು ಸಿಕ್ಕವು. ಹತ್ತನೆಯದು ಯಾಕೆ ಸಿಗಲಿಲ್ಲ ಎಂದು ಕಂಡುಹಿಡಿಯಲು ಮೂರು ದಿನ ಹಿಡಿಯಿತು. ಕಡತದ ಹೆಸರಿನಲ್ಲಿ ಆ ಕಾಣದ ಸಂಕೇತ ಕುಳಿತಿತ್ತು.

ಈ ವರ್ಷ ಸೋದರತ್ತೆ ಬಂದಿದ್ದಳು. ಅವಳು ಸರ್ಪಸುತ್ತಿಗೆ ಮದ್ದು ಕೊಡುವವಳು. ಆ ಮದ್ದನ್ನು ಬಾಯಿಬಿಟ್ಟು ಹೇಳಿದರೆ ಗುಣ ಹೋಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ತನ್ನ ನಂತರ ತಮ್ಮನ ಮಗಳಿಗೆ, ಎಂದರೆ ನನ್ನ ತಂಗಿಗೆ, ಮಾತ್ರ ಅದು ಸಿಗಬೇಕೆಂಬ ಆಸೆ. ತಂಗಿ ಬೆಂಗಳೂರಿನಲ್ಲಿದ್ದಾಳೆ, ಅತ್ತೆಗೆ ಎಂಬತ್ತೆರಡು. “ನಿನ್ನ ಅಟ್ಟದಲ್ಲಿ ಹೇಳಿಟ್ಟರೆ ಯಾರಿಗೂ ಕೇಳಿಸಬಾರದು, ನಾನು ಹೋದ ಮೇಲೆ ಅವಳಿಗೊಬ್ಬಳಿಗೇ ಕೇಳಿಸಬೇಕು. ಆಗುತ್ತದೆಯೇ?” ಎಂದಳು. ನಾಲ್ಕು ಸುತ್ತುಗಳಲ್ಲಿ ಇದು ಯಾವುದಕ್ಕೂ ಸೇರಲಿಲ್ಲ. ಯಂತ್ರದ ಕೀಲಿ ನನ್ನ ಕೈಯಲ್ಲಿರುವವರೆಗೆ ‘ಯಾರಿಗೂ’ ಎಂದು ಹೇಳುವ ಹಕ್ಕು ನನಗಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ಒಪ್ಪಿ, ಕಾಯುತ್ತೇನೆ ಎಂದಳು.

ಎರಡು ತಿಂಗಳು ಹಿಡಿಯಿತು. ಈಗ ದನಿಯು ಅವಳ ಮೊಬೈಲಿನಲ್ಲೇ ಗೂಢಲಿಪಿಯಾಗಿ, ಬೀಗ ಬಿದ್ದ ಮೇಲೆಯೇ ಹೊರಡುತ್ತದೆ. ಬೀಗ ತೆಗೆಯಲು ಹನ್ನೆರಡು ಕನ್ನಡ ಪದಗಳ ಸಾಲೊಂದು ಬೇಕು. ಆ ಪದಗಳನ್ನು ಮೊಬೈಲ್ ಒಮ್ಮೆ ಮಾತ್ರ ತೋರಿಸುತ್ತದೆ, ನನಗೆ ತೋರಿಸುವುದಿಲ್ಲ. ಅವಳು ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಾಲ್ಕು ನಿಮಿಷ ಹೇಳಿ ಬಂದಳು. ಹನ್ನೆರಡು ಪದಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆದುಕೊಂಡಿದ್ದಳು. “ಇದು ಕಳೆದರೆ?” ಎಂದು ಕೇಳಿದಳು. ಕಳೆದರೆ ನನ್ನಿಂದಲೂ ತೆಗೆಯಲಾಗದು ಎಂದೆ. ಅತ್ತೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ತನ್ನ ಮದುವೆಯ ಸೀರೆ ಇಟ್ಟ ಸಂದೂಕದ ತಳದಲ್ಲಿ ಇಟ್ಟು, ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋದಳು.